ಟ್ಯಾಂಕಿ ಮೇಸ್ತ್ರಿ ರೋಹಿದಾಸ

ಕುವೈತಿನಲ್ಲಿ ಬಿಳಿ-ನೀಲಿ ಪಟ್ಟೆ ಬಳಿದ, ಅಣಬೆಯ ಆಕಾರದ ಎತ್ತರದ ನೀರಿನ ಟ್ಯಾಂಕಿಗಳುಂಟು. ಅಂಥದ್ದೊಂದರ ಮುಂದೆ ತಲೆಗೆ ಹಳದಿ ಹೆಲ್ಮೆಟ್ ಏರಿಸಿ, ಸೊಂಟಕ್ಕೆ ಎರಡೂ ಕೈ ಕೊಟ್ಟು ನಿಂತು ರೋಹಿದಾಸ ಒಂದು ಫೋಟೋ ತೆಗೆಸಿಕೊಂಡ. ಕೆಳಗೆ ‘ನಮ್ಮ ಕೆಲಸ’ ಎಂದು ಎರಡೇ ಮಾತು ಬರೆದು ಬೋಳುಪಾದೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ. ಆ ಎರಡು ಮಾತು ಬೇಡ ಎಂದು ಅವನ ಹೆಂಡತಿ ವಾರಿಜಾ ಆಗಲೇ ಹೇಳಿದ್ದಳು.

“ಎಂತಕ್ಕೆ ಸುಳ್ಳು ಬರೀತೀರಿ? ಫೋಟೋ ಚಂದ ಬಂದಿದೆ, ಅಷ್ಟೇ ಹಾಕಿ.”

“ಸುಳ್ಳೆಂತ ಉಂಟು ಇದರಲ್ಲಿ? ಹೆಲ್ಮೆಟ್ ನಮ್ಮದೇ ಅಲ್ವಾ?”

ಹೆಲ್ಮೆಟ್ ಏನೋ ಅವನದೇ. ಕಟ್ಟಡ ಕಂಪೆನಿಯೊಂದರ ಸ್ಟೋರಿನಲ್ಲಿ ಕೂತು, ಬೆಳಗ್ಗೆ ಕೆಲಸಕ್ಕೆ ಹೊರಟವರಿಗೆ ಹೆಲ್ಮೆಟ್, ಬೂಟು, ಕೈಗವಸು ಕೊಡುವುದು, ಸಂಜೆ ಅವನ್ನೆಲ್ಲ ವಾಪಸು ಪಡೆದು ಕಪಾಟಿನಲ್ಲಿಡುವುದು ಅವನ ಹದಿನೆಂಟು ವರ್ಷದ ಕೆಲಸ. ಆ ಅಣಬೆ ಟ್ಯಾಂಕಿಗಳನ್ನು ಕಟ್ಟಿದಾಗ ಅವನು ಹುಟ್ಟಿಯೇ ಇರಲಿಲ್ಲ. ಆದರೆ ಇದನ್ನೆಲ್ಲ ಬೋಳುಪಾದೆಯವರಿಗೆ ಹೇಳುವವರು ಯಾರು? ಗ್ರೂಪಿನಲ್ಲಿ ನಲವತ್ತು ಹೆಬ್ಬೆರಳು ಎದ್ದು ನಿಂತವು. ಹನ್ನೊಂದು ಜನ ಕೈಮುಗಿದರು. ಯಾರೋ ಒಬ್ಬರು ‘ಊರಿಗೆ ಕೀರ್ತಿ’ ಎಂದು ಬರೆದರು. ರೋಹಿದಾಸ ಆ ರಾತ್ರಿ ಊಟ ಮಾಡುವಾಗಲೂ ಫೋನು ನೋಡಿ ನೋಡಿ ಕಿಸಕ್ಕೆನ್ನುತ್ತಿದ್ದ.

ಬೋಳುಪಾದೆ ಮೂಡುಬಿದಿರೆಯ ಆಚೆ ಬಂಡೆಗಲ್ಲಿನ ಮೇಲೆ ಕೂತ ಹದಿನೆಂಟು ಮನೆಗಳ ಊರು. ಮಳೆಗಾಲದಲ್ಲಿ ಅಲ್ಲಿ ಬೀಳುವ ನೀರಿಗೆ ಲೆಕ್ಕವಿಲ್ಲ. ಬಿದ್ದದ್ದೆಲ್ಲ ಬಂಡೆಯ ಮೇಲಿಂದ ಜಾರಿ ಕೆಳಗಿನ ಊರಿನವರ ಗದ್ದೆಗೆ ಹೋಗುತ್ತದೆ. ಏಪ್ರಿಲ್ ಬಂತೆಂದರೆ ಕೊಡ ಹಿಡಿದುಕೊಂಡು ಅದೇ ಕೆಳಗಿನವರ ಬಾವಿಕಟ್ಟೆಯಲ್ಲಿ ಸಾಲು ನಿಲ್ಲಬೇಕು. ಮೂರು ಬೋರು ಕೊರೆಸಿದ್ದರು. ಮೂರರಲ್ಲೂ ಬಂದದ್ದು ಧೂಳು. ಈ ವರ್ಷ ಪಂಚಾಯತ್ ಸದಸ್ಯೆ ಆಯಿಶಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಿದ್ದಳು. ಪ್ರತಿ ಮನೆಗೂ ಒಂದೊಂದು ಮಳೆನೀರಿನ ಟ್ಯಾಂಕಿ ಆಗಬೇಕು, ಕಟ್ಟುವವರು ಊರಿನವರೇ, ಇಡೀ ಊರು ಒಂದು ಮನೆಯದ್ದು ಮುಗಿಸಿ ಇನ್ನೊಂದು ಮನೆಗೆ ಹೋಗಬೇಕು, ಮನೆಗೊಂದು ಜೊತೆ ಕೈ ಬರಲೇಬೇಕು. ಗಲ್ಫಿನವರು ತಮ್ಮ ಪಾಲಿಗೆ ಆಳು ಇಡುತ್ತೇವೆ ಎಂದದ್ದಕ್ಕೆ ಆಕೆ ಗ್ರೂಪಿನಲ್ಲಿ ಒಂದು ಧ್ವನಿ ಸಂದೇಶ ಹಾಕಿದ್ದಳು. ಅದನ್ನು ಕೇಳಿದ ಮೇಲೆ ಯಾರೂ ಆಳಿನ ಸುದ್ದಿ ಎತ್ತಲಿಲ್ಲ.

ಡಿಸೆಂಬರಿನ ಒಂದು ಶುಕ್ರವಾರ ಆಯಿಶಮ್ಮನ ವಿಡಿಯೋ ಕಾಲ್ ಬಂತು. ರೋಹಿದಾಸ ಲುಂಗಿಯುಟ್ಟು ಕೂತಿದ್ದವನು ಲಗುಬಗೆಯಿಂದ ಮೇಲೊಂದು ಅಂಗಿ ಏರಿಸಿಕೊಂಡ. ವಾರಿಜಾ ಅಡಿಗೆಮನೆಯ ಬಾಗಿಲಲ್ಲಿ ಬಂಗುಡೆ ಕೊಯ್ಯುತ್ತಿದ್ದಳು. ಅವಳಿಗೆ ಎಲ್ಲವೂ ಕೇಳುತ್ತಿತ್ತು.

“ರೋಹಿದಾಸ, ನಿನಗೆ ರಜೆ ಯಾವಾಗ ಮಗಾ?”

“ಏಪ್ರಿಲಿನಲ್ಲಿ ಆಯಿಶಮ್ಮ. ನಲವತ್ತೈದು ದಿನ.”

“ಸರಿಯಾಯ್ತು. ಹಾಗಾದರೆ ನೀನೇ ಮೇಸ್ತ್ರಿ. ಊರಲ್ಲಿ ಕೈ ಬೇಕಾದಷ್ಟು ಉಂಟು, ತಲೆ ಇಲ್ಲ. ಕುವೈತಿಗೇ ನೀರು ಕುಡಿಸಿದವ, ನಿನಗೆ ಹದಿನೆಂಟು ಟ್ಯಾಂಕಿ ಎಂತ ಲೆಕ್ಕ?”

ಬಂಗುಡೆ ವಾರಿಜಾಳ ಕೈಯಿಂದ ಜಾರಿತು. ಗಂಡ ಈಗ ನಿಜ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಅವಳು ಕಾದಳು. ರೋಹಿದಾಸ ಗಂಟಲು ಸರಿಮಾಡಿಕೊಂಡ.

“ಅದಕ್ಕೆಂತ ಆಯಿಶಮ್ಮ,” ಎಂದ. “ಮಾಡುವ.”

ಫೋನು ಇಟ್ಟ ಮೇಲೆ ಅವನ ಮುಖ ಆ ಬಂಗುಡೆಯ ಹಾಗೇ ಆಗಿತ್ತು. ಬಾಯಿ ತೆರೆದಿತ್ತು, ಕಣ್ಣು ಮಿಟುಕುತ್ತಿರಲಿಲ್ಲ. ಒಳಕೋಣೆಯಿಂದ ಮಗಳು ಅಮಿತಾ ಇಣುಕಿ, “ಅಪ್ಪಾ, ಡು ಯು ಈವನ್ ನೋ ಹೌ?” ಎಂದು ಕೇಳಿದಳು.

*

ವಾರಿಜಾ ಹಲ್ಲಿನ ಕ್ಲಿನಿಕ್ಕೊಂದರ ಮುಂಭಾಗದ ಮೇಜಿನಲ್ಲಿ ಕೂರುವವಳು. ದಿನಕ್ಕೆ ಐವತ್ತು ಜನರ ಭಯ ನೋಡುತ್ತಾಳೆ. ಹಲ್ಲು ಕೀಳಿಸಲು ಬಂದವರ ಮುಖಕ್ಕೂ ಗಂಡನ ಮುಖಕ್ಕೂ ಅವಳಿಗೆ ಆ ವಾರ ವ್ಯತ್ಯಾಸ ಕಾಣಲಿಲ್ಲ. ಕೊನೆಗೆ ಅವಳೇ ಹೇಳಿದಳು: “ಕಲಿಯಿರಿ. ನಾಲ್ಕು ತಿಂಗಳುಂಟು. ಇಲ್ಲೇ ಒಂದು ಕಟ್ಟಿ ನೋಡಿ.”

“ಎಲ್ಲಿ? ಹಾಲ್‌ನಲ್ಲಾ?”

“ತಾರಸಿಯಲ್ಲಿ ಮಾರಾಯ್ರೇ.”

ಕುವೈತಿನ ರಿಗ್ಗೈಯಲ್ಲಿ ಅವರು ಬಾಡಿಗೆಗಿದ್ದ ಐದು ಮಾಳಿಗೆಯ ಕಟ್ಟಡದಲ್ಲೇ ಬೋಳುಪಾದೆಯ ಇನ್ನೊಂದು ಸಂಸಾರವೂ ಇತ್ತು. ಬರ್ನಾರ್ಡ್ ಹೋಟೆಲೊಂದರ ಬೇಕರಿಯಲ್ಲಿ ಮದುವೆ ಕೇಕುಗಳಿಗೆ ಐಸಿಂಗ್ ಮಾಡುವವನು. ಅವನ ಹೆಂಡತಿ ಮರ್ಸಿ ಆಸ್ಪತ್ರೆಯಲ್ಲಿ ನರ್ಸು. ಅಬ್ಬಾಸಿಯಾದಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿದ್ದ ಅಬ್ದುಲ್ ನಾಸಿರ್ ಆಯಿಶಮ್ಮನ ಸ್ವಂತ ಮಗ. ಏಪ್ರಿಲಿನಲ್ಲಿ ಹದಿನೈದು ದಿನ ಊರಿಗೆ ಬಂದು ಮಣ್ಣು ಹೊರಬೇಕೆಂದು ಬರ್ನಾರ್ಡ್, ನಾಸಿರ್ ಇಬ್ಬರಿಗೂ ಅಪ್ಪಣೆಯಾಗಿತ್ತು. ರೋಹಿದಾಸ ಅವರನ್ನು ಮನೆಗೆ ಕರೆದು, ಬಾಗಿಲು ಹಾಕಿ, ಮೆಲುದನಿಯಲ್ಲಿ ವಿಷಯ ಹೇಳಿದ.

“ಹಾಗಾದರೆ ಆ ಫೋಟೋದ ಟ್ಯಾಂಕಿ ನೀವು ಕಟ್ಟಿದ್ದಲ್ವಾ ರೋಹಿಯಣ್ಣಾ?” ಬರ್ನಾರ್ಡ್ ನಿಜವಾಗಿ ನೊಂದು ಕೇಳಿದ. “ನಾನು ನಮ್ಮ ಶೆಫ್‌ಗೆಲ್ಲ ತೋರಿಸಿದ್ದೇನಲ್ಲ!”

ನಾಸಿರ್ ಮಾತ್ರ ಬೇರೆಯೇ ಚಿಂತೆಯಲ್ಲಿದ್ದ. “ಉಮ್ಮನಿಗೆ ಗೊತ್ತಾದರೆ ನಿಮಗೆ ಬೈಯುವುದಿಲ್ಲ ರೋಹಿಯಣ್ಣಾ. ನಿನಗೆ ಗೊತ್ತಿದ್ದೂ ಹೇಳಲಿಲ್ಲ ಅಂತ ನನಗೇ ಬೈಯುವುದು. ಕಟ್ಟುವ. ಈಗಲೇ ಕಟ್ಟುವ.”

ಊರಿನ ಗ್ರೂಪಿನಲ್ಲೇ ಆಯಿಶಮ್ಮ ತರಬೇತಿಯ ವಿಡಿಯೋ ಹಾಕಿದ್ದಳು. ಕಬ್ಬಿಣದ ಬಲೆಯನ್ನು ಸುರುಳಿ ಸುತ್ತಿ ದೊಡ್ಡ ಡೋಲಿನ ಹಾಗೆ ನಿಲ್ಲಿಸುವುದು, ಅದರ ಮೇಲೆ ಸಣ್ಣ ಕಣ್ಣಿನ ಕೋಳಿಗೂಡಿನ ಬಲೆ ಬಿಗಿಯುವುದು, ಒಳಗೂ ಹೊರಗೂ ಸಿಮೆಂಟು ಗಾರೆ ಮೆತ್ತುವುದು, ಆಮೇಲೆ ಹತ್ತು ದಿನ ಒದ್ದೆ ಗೋಣಿ ಹೊದೆಸಿ ಅದಕ್ಕೆ ನೀರು ಕುಡಿಸುವುದು. ನೋಡುವಾಗ ಕಷ್ಟವೇನೂ ಕಾಣುವುದಿಲ್ಲ. ರೋಹಿದಾಸ ಅದನ್ನು ಮೂವತ್ತು ಸಲ ನೋಡಿದ. ನಿದ್ದೆಯಲ್ಲಿ ‘ಒಂದಕ್ಕೆ ಮೂರು, ಒಂದಕ್ಕೆ ಮೂರು’ ಎನ್ನುತ್ತಿದ್ದ. ಅದು ಸಿಮೆಂಟಿಗೂ ಮರಳಿಗೂ ಇರಬೇಕಾದ ಪ್ರಮಾಣವೆಂದು ತಿಳಿಯುವವರೆಗೆ ವಾರಿಜಾಳಿಗೆ ಗಾಬರಿಯಾಗಿತ್ತು.

ತಾರಸಿಗೆ ಹೋಗಬೇಕಾದರೆ ಹಾರಿಸ್, ಅಂದರೆ ಕಟ್ಟಡದ ಕಾವಲುಗಾರ, ಒಪ್ಪಬೇಕು. ಹಾರಿಸ್ ಅಬು ಸಮೀರ್ ಈಜಿಪ್ಟಿನವನು, ತಾರಸಿಯಲ್ಲಿ ಪಾರಿವಾಳ ಸಾಕಿಕೊಂಡಿದ್ದ. ವಾರಿಜಾಳ ಅರೇಬಿಕ್ ಚೆನ್ನಾಗಿತ್ತು. ಆದರೆ ಅವಳು ಡ್ಯೂಟಿಯಲ್ಲಿದ್ದಳು. ರೋಹಿದಾಸ ತಾನೇ ಹೋಗಿ ಮಾತಾಡಿದ. ಸಂಜೆ ಎದೆಯುಬ್ಬಿಸಿ ಬಂದು, “ಖಲಾಸ್! ಹೇಳಿ ಬಂದೆ. ಅವ ಬಾಯಿ ಮುಚ್ಚದೆ ಕೇಳಿದ,” ಎಂದ. ಬಾಯಿ ಮುಚ್ಚದೆ ಕೇಳಿದ್ದು ಏಕೆಂದು ಆಮೇಲೆ ಗೊತ್ತಾಯಿತು.

*

ಜನವರಿಯ ಮೊದಲ ಶುಕ್ರವಾರ ಕೆಲಸ ಶುರುವಾಯಿತು. ನಾಸಿರ್ ಬಲೆ, ತಂತಿ, ಸಿಮೆಂಟು ತಂದ. ಎದೆಮಟ್ಟದ ಒಂದು ಡೋಲು ತಾರಸಿಯ ಮೂಲೆಯಲ್ಲಿ ಎದ್ದು ನಿಂತಿತು. ತಂತಿ ಬಿಗಿಯುವಷ್ಟರಲ್ಲಿ ಮೂವರ ಬೆರಳೂ ಕೊಯ್ದುಕೊಂಡವು. ಮರ್ಸಿ ಹತ್ತಿ, ಔಷಧ ಹಿಡಿದು ಕುರ್ಚಿ ಹಾಕಿಕೊಂಡು ಕೂತಳು; ಬಂದವರಿಗೆ ಬಂದ ಹಾಗೆ ಪಟ್ಟಿ ಕಟ್ಟಿದಳು.

“ನಾಸಿರ್, ನೀನು ಒಳಗೆ ನಿಂತು ತಗಡು ಅಡ್ಡ ಹಿಡಿ. ನಾನು ಹೊರಗಿನಿಂದ ಗಾರೆ ಹೊಡೀತೇನೆ,” ಎಂದು ರೋಹಿದಾಸ ಅಪ್ಪಣೆ ಕೊಟ್ಟ. ಸ್ಟೂಲು ಇಟ್ಟುಕೊಂಡು ನಾಸಿರ್ ಒಳಗಿಳಿದ. ಧಡೂತಿ ಆಳು. ಒಳಗೆ ನಿಂತ ಮೇಲೆ ತಗಡಿಗೆ ಜಾಗ ಉಳಿದದ್ದೇ ಕಷ್ಟದಲ್ಲಿ.

ರೋಹಿದಾಸ ಕರಣೆಯ ತುಂಬ ಗಾರೆ ಎತ್ತಿ, ವಿಡಿಯೋದಲ್ಲಿ ಕಂಡ ಹಾಗೆಯೇ ಮಣಿಕಟ್ಟು ತಿರುಗಿಸಿ ಫಟ್ಟೆಂದು ಎಸೆದ. ಗಾರೆ ಬಲೆಯ ಕಣ್ಣುಗಳೊಳಗಿಂದ ಸೊಗಸಾಗಿ ದಾಟಿ ನಾಸಿರನ ಗಡ್ಡಕ್ಕೆ ಹೋಗಿ ಕೂತಿತು.

“ತಗಡು ಎಲ್ಲಿ ಹಿಡಿದಿದ್ದೀ?”

“ನೀವು ಎಲ್ಲಿ ಎಸೀತೀರಿ ಅಂತ ಹೇಳಿದರೆ ಅಲ್ಲಿ ಹಿಡೀಬಹುದು!”

ಎರಡನೆಯದು ಬಿದ್ದದ್ದು ಪಾರಿವಾಳದ ಗೂಡಿಗೆ. ಮೂರನೆಯದು ಬಲೆಗೇ ಅಂಟಿ ಎಲ್ಲರೂ ಹೋ ಎನ್ನುವಷ್ಟರಲ್ಲಿ ನಿಧಾನವಾಗಿ ಜಾರಿ ರೋಹಿದಾಸನ ಚಪ್ಪಲಿಯ ಮೇಲೆ ಇಳಿಯಿತು. ವಾರಿಜಾ ನಗು ತಡೆಯಲಾರದೆ ಆಕಡೆ ತಿರುಗಿದಳು. ಆಗ ಕಣ್ಣಿಗೆ ಬಿದ್ದವನು ಬರ್ನಾರ್ಡ್. ಅವನು ನಗುತ್ತಿರಲಿಲ್ಲ. ಒಳ್ಳೆ ಹಾಡನ್ನು ಯಾರೋ ಅಪಸ್ವರದಲ್ಲಿ ಹಾಡುವುದನ್ನು ಕೇಳುತ್ತಿರುವ ಹಾಗೆ ಅವನ ಮುಖ ಹಿಂಡಿಕೊಂಡಿತ್ತು.

“ಕೊಡಿ ಇಲ್ಲಿ,” ಎಂದ ಕೊನೆಗೆ. “ಇದನ್ನು ತಿರುಗಿಸಲಿಕ್ಕೆ ಆಗ್ತದಾ?”

“ಟ್ಯಾಂಕಿಯನ್ನಾ?”

“ಕೇಕಾದರೆ ನಾವು ತಟ್ಟೆ ತಿರುಗಿಸ್ತೇವೆ. ಇರಲಿ, ನಾನೇ ತಿರುಗ್ತೇನೆ.”

ಅವನು ಕೆಳಗೆ ಓಡಿ ಹೋಗಿ ಐಸಿಂಗ್ ಸವರುವ ತನ್ನ ಉದ್ದನೆಯ ಸ್ಟೀಲಿನ ಪಟ್ಟಿ ತಂದ. ಗಾರೆಗೆ ಇನ್ನೆರಡು ಬೊಗಸೆ ಮರಳು ಹಾಕಿಸಿದ, ಬೆರಳಲ್ಲಿ ಎತ್ತಿ ನೋಡಿದ, ಚೊಂಬಿನಷ್ಟು ನೀರು ಚೆಲ್ಲಿಸಿದ. ಅಭ್ಯಾಸಬಲದಿಂದ ನಾಲಗೆಗೆ ಇಡಲು ಹೋದವನನ್ನು ಮರ್ಸಿ ಕೂಗಿ ತಡೆದಳು. ಆಮೇಲೆ ಅವನು ಟ್ಯಾಂಕಿಯ ಸುತ್ತ ಪ್ರದಕ್ಷಿಣೆ ಹೊರಟ. ಗಾರೆ ಒಂದೇ ಸಮನೆ, ಬೆಣ್ಣೆಯ ಹಾಗೆ ಬಲೆಗೆ ಹತ್ತಿಕೊಂಡಿತು. ಅವನ ಹಿಂದೆ ರೋಹಿದಾಸ ಬಾಂಡಲಿ ಹೊತ್ತುಕೊಂಡು, ಅವನ ಹಿಂದೆ ವಾರಿಜಾ ನೀರಿನ ಬಕೆಟ್ ಹಿಡಿದುಕೊಂಡು ಸುತ್ತಿದರು. ಒಂದು ಗಂಟೆಯೊಳಗೆ ಹೊರಮೈ ಅಂಚಿನವರೆಗೂ ನಯವಾಗಿ ಎದ್ದು ಬಂತು. ಬರ್ನಾರ್ಡ್‌ಗೆ ಅಷ್ಟಕ್ಕೆ ನಿಲ್ಲಿಸಲಾಗಲಿಲ್ಲ. ಉಳಿದ ಗಾರೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಮೂಲೆ ಕತ್ತರಿಸಿ, ಅಂಚಿನ ಸುತ್ತ ಒಂದೊಂದೇ ಗುಲಾಬಿ ಹಿಂಡುತ್ತ ಹೋದ. ಇಪ್ಪತ್ತೆರಡು ಗುಲಾಬಿ.

“ಚಂದ ಆಯ್ತು,” ಎಂದಿತು ಒಳಗಿನಿಂದ ಒಂದು ಧ್ವನಿ. “ನಾನು ಈಗ ಹೊರಗೆ ಬರುವುದು ಹೇಗೆ?”

ನಾಸಿರ್ ಒಳಗೇ ಇದ್ದ. ಸುತ್ತ ಹಸಿ ಗಾರೆ. ಮುಟ್ಟಿದರೆ ಗುಲಾಬಿ ಹೋಗುತ್ತದೆ, ಒರಗಿದರೆ ಗೋಡೆಯೇ ಹೋಗುತ್ತದೆ. ಅಷ್ಟರಲ್ಲಿ ಪಕ್ಕದ ಮಸೀದಿಯಿಂದ ಜುಮ್ಮಾದ ಬಾಂಗು ಕೇಳಿಸಿತು.

“ಯಲ್ಲಾ, ಎತ್ತಿ!” ಎಂದ ನಾಸಿರ್ ಅಳುವ ಧ್ವನಿಯಲ್ಲಿ.

ಅವನು ಸ್ಟೂಲಿನ ಮೇಲೆ ನಿಂತ. ಹೊರಗೆ ಒಂದು ಕುರ್ಚಿಯ ಮೇಲೆ ರೋಹಿದಾಸ, ಇನ್ನೊಂದರ ಮೇಲೆ ಬರ್ನಾರ್ಡ್ ನಿಂತು ಕಂಕುಳಿಗೆ ಕೈ ಹಾಕಿದರು. ವಾರಿಜಾ ಒಂದು ಕಾಲನ್ನು ಹಿಡಿದು ದಾಟಿಸಿದಳು. ಮರ್ಸಿ ಪಕ್ಕದಲ್ಲಿ ನಿಂತು, ಹೆರಿಗೆ ಕೋಣೆಯಲ್ಲಿ ಹೇಳುವ ಹಾಗೆ, “ನಿಧಾನ, ನಿಧಾನ, ಉಸಿರು ಎಳಕೊಳ್ಳಿ, ಇನ್ನೊಂಚೂರು,” ಎನ್ನುತ್ತಿದ್ದಳು. ಒಂದು ಗುಲಾಬಿ ಚಪ್ಪಟೆಯಾದದ್ದು ಬಿಟ್ಟರೆ ನಾಸಿರ್ ಕ್ಷೇಮವಾಗಿ ಹೊರಬಂದ. ಸ್ಟೂಲು ಒಳಗೇ ಉಳಿಯಿತು. ಅದನ್ನು ವಾರಿಜಾ ಕೊಡೆಯ ಹಿಡಿಕೆಯಿಂದ ಮೀನು ಹಿಡಿದ ಹಾಗೆ ಮೇಲಕ್ಕೆಳೆದಳು. ಮರುದಿನ ಗೋಡೆ ಗಟ್ಟಿಯಾದ ಮೇಲೆ ಒಳಮೈಗೂ ತಳಕ್ಕೂ ಮೆತ್ತುವ ಕೆಲಸಕ್ಕೆ ಒಳಗಿಳಿದದ್ದು ತೆಳ್ಳಗಿನ ಬರ್ನಾರ್ಡ್.

ಗೋಣಿ ಹೊದೆಸಿ ನೀರು ಕುಡಿಸುವ ಪಾಳಿ ರೋಹಿದಾಸನದು. ಬೆಳಗ್ಗೆ ಒಮ್ಮೆ, ಸಂಜೆ ಎರಡು ಸಲ. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಮನೆಯ ತುಳಸಿ ಕುಂಡಕ್ಕೂ ಒಮ್ಮೆ ನೀರು ಹಾಕದವನು ಚೊಂಬು ಹಿಡಿದು ಐದು ಮಾಳಿಗೆ ಹತ್ತುವುದನ್ನು ವಾರಿಜಾ ಸುಮ್ಮನೆ ನೋಡಿದಳು. ಒಮ್ಮೆ ಅವನು ಗೋಣಿಯನ್ನು ಸರಿಯಾಗಿ ಹೊದೆಸುತ್ತ, “ಚಳಿ ಆಗ್ತದಾ?” ಎಂದು ಟ್ಯಾಂಕಿಯನ್ನು ಕೇಳಿದ್ದೂ ಅವಳ ಕಿವಿಗೆ ಬಿದ್ದಿತ್ತು.

*

ಎಂಟನೆಯ ದಿನ ಕಟ್ಟಡದ ಮಾಲೀಕ ಬಂದ. ಎಲ್ಲರೂ ಬು ಫಹದ್ ಎನ್ನುವ, ಎಂಬತ್ತರ ಹತ್ತಿರದ ಮುದುಕ. ಕೋಲೂರಿಕೊಂಡು ತಾರಸಿಗೆ ಬಂದವನ ಹಿಂದೆ ಹಾರಿಸ್ ಅಬು ಸಮೀರ್ ಕೈಕಟ್ಟಿ ನಿಂತಿದ್ದ. ವಾರಿಜಾ ತಲೆಗೆ ದುಪ್ಪಟ್ಟಾ ಎಳೆದುಕೊಂಡು ಮುಂದೆ ಬಂದಳು.

“ನನ್ನ ಕಟ್ಟಡದ ಮೇಲೆ,” ಬು ಫಹದ್ ನಿಧಾನವಾಗಿ ಅರೇಬಿಕ್ಕಿನಲ್ಲಿ ಕೇಳಿದ, “ನೀವು ವಿಮಾನ ನಿಲ್ದಾಣ ಕಟ್ಟುತ್ತಿದ್ದೀರಿ ಎಂದು ಇವನು ಹೇಳುತ್ತಾನೆ. ನಿಜವೋ?”

ವಾರಿಜಾ ಗಂಡನ ಕಡೆ ತಿರುಗಿದಳು. “ನೀವು ಹಾರಿಸ್‌ಗೆ ಎಂತ ಹೇಳಿದ್ದು? ಹೇಳಿದ ಹಾಗೇ ಹೇಳಿ.”

“ಎಂತ ಇಲ್ಲ. ‘ಹಾದಾ ಮತಾರ್’ ಅಂದೆ. ಮೇಲಿನಿಂದ ಬರುತ್ತದೆ, ಇದರಲ್ಲಿ ಇಳಿಯುತ್ತದೆ ಅಂತ ಕೈಯಲ್ಲಿ ತೋರಿಸಿದೆ.” ಅವನು ಅಂಗೈಯನ್ನು ಆಕಾಶದಿಂದ ಓರೆಯಾಗಿ ಕೆಳಗಿಳಿಸಿ ತೋರಿಸಿದ. ಥೇಟ್ ವಿಮಾನ ಇಳಿದ ಹಾಗೇ ಇತ್ತು.

ಅರೇಬಿಕ್ಕಿನಲ್ಲಿ ಮತರ್ ಎಂದರೆ ಮಳೆ. ಒಂದು ದೀರ್ಘ ಎಳೆದು ಮತಾರ್ ಎಂದರೆ ವಿಮಾನ ನಿಲ್ದಾಣ. ವಾರಿಜಾ ಹಣೆ ಹಣೆ ಚಚ್ಚಿಕೊಂಡಳು. “ಮತರ್ ಬಾಬಾ, ಮತರ್! ಇವರಿಗೆ ದೀರ್ಘ ಜಾಸ್ತಿಯಾಯಿತು. ಇದು ಮಳೆನೀರು ಹಿಡಿಯುವ ಪಾತ್ರೆ. ನಮ್ಮ ಊರಿನಲ್ಲಿ ಪ್ರತಿ ಮನೆಗೂ ಒಂದು ಕಟ್ಟಬೇಕು. ಇಲ್ಲಿ ಕಲಿಯುತ್ತಿದ್ದೇವೆ.”

ಬು ಫಹದ್ ಅಬು ಸಮೀರನನ್ನು ನೋಡಿದ. ಅಬು ಸಮೀರ್ ತನ್ನ ಪಾರಿವಾಳಗಳನ್ನು ನೋಡಿದ. ಮುದುಕನ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ, ಕೊನೆಗೆ ನಗು ಹೊರಗೆ ಬಂತು. ಕೋಲು ಬಿದ್ದುಹೋಗುವಷ್ಟು ನಕ್ಕ. ಕಣ್ಣೊರೆಸಿಕೊಂಡು ಟ್ಯಾಂಕಿಯ ಸುತ್ತ ಒಂದು ಸುತ್ತು ಬಂದು ಗುಲಾಬಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ.

“ನನ್ನ ಅಜ್ಜಿಯ ಮನೆಯ ಅಂಗಳದಲ್ಲಿ ಬಿರ್ಕಾ ಇತ್ತು,” ಎಂದ. “ನೆಲದೊಳಗಿನ ತೊಟ್ಟಿ. ಮನೆಯ ಮಾಡಿನ ಮೇಲೆ ಬಿದ್ದ ಮಳೆನೀರೆಲ್ಲ ಅದಕ್ಕೆ. ಆಗ ಕುಡಿಯುವ ನೀರು ದೋಣಿಯಲ್ಲಿ ಬರುತ್ತಿತ್ತು, ಗೊತ್ತೋ? ಬಿರ್ಕಾದ ನೀರನ್ನು ಅಜ್ಜಿ ಬೀಗ ಹಾಕಿ ಇಡುತ್ತಿದ್ದಳು.” ಮತ್ತೆ ಟ್ಯಾಂಕಿಯನ್ನು ತಟ್ಟಿದ. “ಇದು ಇರಲಿ. ಮಳೆ ಬಂದ ದಿನ ನನಗೆ ಫೋನು ಮಾಡಿ. ತುಂಬುವುದನ್ನು ನೋಡಬೇಕು.”

ಅವನು ಹೋದ ಮೇಲೆ ರೋಹಿದಾಸ ಕೇಳಿದ: “ಎಂತ ಹೇಳಿದರು? ಕೆಡವಬೇಕಂತಾ?”

“ಮೊದಲ ವಿಮಾನ ಯಾವಾಗ ಇಳೀತದೆ ಅಂತ ಕೇಳಿದರು,” ಎಂದಳು ವಾರಿಜಾ.

*

ನಲ್ಲಿಯ ನೀರು ತುಂಬಿಸಿ ಪರೀಕ್ಷೆ ಮಾಡಿದರು. ಮೊದಲ ಸಲ ತಳದಲ್ಲಿ ಸೋರಿತು. ಬರ್ನಾರ್ಡ್ ಒಳಗಿಳಿದು ಮೂಲೆಗಳಿಗೆ ಮತ್ತೊಂದು ಸುತ್ತು ಮೆತ್ತಿದ. ಎರಡನೆಯ ಸಲ ಮೂರು ದಿನ ಇಟ್ಟರೂ ಒಂದು ಹನಿ ಹೊರಗೆ ಬರಲಿಲ್ಲ. ನೀರು ಖಾಲಿ ಮಾಡಿ, ಮೆಟ್ಟಿಲ ಕೋಣೆಯ ಮಾಡಿನಿಂದ ಒಂದು ಪೈಪು ಇಳಿಸಿ ಟ್ಯಾಂಕಿಯ ಬಾಯಿಗೆ ಕೊಟ್ಟು ಮಳೆಗೆ ಕಾದರು. ಆಯಿಶಮ್ಮನಿಗೆ ಫೋಟೋ ಹೋಗಿತ್ತು. ಅವಳಿಗೆ ಅದು ಸಾಲದು. “ನಲ್ಲಿ ನೀರು ಯಾರು ಬೇಕಾದರೂ ತುಂಬಿಸ್ತಾರೆ. ಮಳೆ ನೀರು ಬಿದ್ದಾಗ ನನಗೆ ಲೈವ್ ತೋರಿಸಬೇಕು. ಇಲ್ಲಿ ಹದಿನೆಂಟು ಮನೆಯವರಿಗೂ ಧೈರ್ಯ ಬರಬೇಕಲ್ಲ.”

ಕುವೈತಿನಲ್ಲಿ ಮಳೆಗೆ ಕಾಯುವುದೆಂದರೆ ಏನೆಂದು ಅವರಿಗೆ ಆಗಲೇ ಗೊತ್ತಾದದ್ದು. ಜನವರಿ ಹೋಯಿತು. ರೋಹಿದಾಸ ದಿನಕ್ಕೆ ಹತ್ತು ಸಲ ಹವಾಮಾನ ನೋಡುತ್ತಿದ್ದ. ಇರಾಕಿನ ಕಡೆ ಮೋಡ ಕಂಡರೆ ಸ್ಟೋರಿನಿಂದಲೇ ಎಲ್ಲರಿಗೂ ಮೆಸೇಜು ಹಾಕುತ್ತಿದ್ದ. ಎರಡು ಸಲ ಹುಸಿ ಸುದ್ದಿಗೆ ಬರ್ನಾರ್ಡ್ ಅರ್ಧ ಐಸಿಂಗಿನ ಕೇಕು ಬಿಟ್ಟು ಓಡಿ ಬಂದಿದ್ದ.

ಫೆಬ್ರವರಿಯ ನಡುವಿನ ಒಂದು ಶುಕ್ರವಾರ, ಮಧ್ಯಾಹ್ನದ ಊಟದ ಹೊತ್ತಿಗೆ ಆಕಾಶ ಅರಶಿನ ಬಣ್ಣಕ್ಕೆ ತಿರುಗಿತು. ಮೊದಲು ಗಾಳಿ, ಗಾಳಿಯ ತುಂಬ ಧೂಳು. ಎದುರಿನ ಕಟ್ಟಡ ಕಾಣದಾಯಿತು. ಅದರ ಬೆನ್ನಿಗೇ ದಪ್ಪ ದಪ್ಪ ಹನಿ. ಅನ್ನದ ಕೈಯಲ್ಲೇ ಎಲ್ಲರೂ ತಾರಸಿಗೆ ಓಡಿದರು. ವಾರಿಜಾ ಬು ಫಹದ್‌ಗೆ ಫೋನು ಮಾಡಿದಳು. ಬರ್ನಾರ್ಡ್ ಆಯಿಶಮ್ಮನಿಗೆ ವಿಡಿಯೋ ಕಾಲ್ ಹಚ್ಚಿ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು ಹಿಡಿದು ನಿಂತ. ಪರದೆಯಲ್ಲಿ ಆಯಿಶಮ್ಮನ ಹಿಂದೆ ಅವಳ ಅಂಗಳ ತುಂಬ ಜನ. ಹಂಚಿನ ಮೇಲೂ ಒಬ್ಬ ಕೂತಿದ್ದ.

ಪೈಪು ಮೊದಲು ಗೊರಗೊರ ಎಂದಿತು. ಆಮೇಲೆ ಕೆಮ್ಮಿತು. ಆಮೇಲೆ ಭೋರೆಂದು ಟ್ಯಾಂಕಿಯೊಳಗೆ ಸುರಿಯಿತು. ಎರಡೂ ಕಡೆ ಚಪ್ಪಾಳೆ ಬಿತ್ತು. ರೋಹಿದಾಸ ಮಳೆಯಲ್ಲಿ ನೆನೆಯುತ್ತ, ಎರಡೂ ಕೈ ಎತ್ತಿ ನಿಂತಿದ್ದ. ಟ್ಯಾಂಕಿಯೊಳಗೆ ಬಗ್ಗಿ ನೋಡಿದವಳು ವಾರಿಜಾ ಒಬ್ಬಳೇ. ನೀರು ಹಾಲು ಹೆಚ್ಚಾದ ಚಹಾದ ಹಾಗಿತ್ತು. ಎರಡು ತಿಂಗಳ ಧೂಳು ಅದರಲ್ಲಿತ್ತು. ಪಾರಿವಾಳದ ಗರಿಗಳೂ ಇದ್ದವು. ಪಾರಿವಾಳಕ್ಕೆ ಸಂಬಂಧಪಟ್ಟ ಬೇರೆಯೂ ಇತ್ತು.

“ಮೇಸ್ತ್ರೀ!” ಫೋನಿನೊಳಗಿಂದ ಆಯಿಶಮ್ಮ ಕೂಗಿದಳು. “ಒಂದು ಗ್ಲಾಸು ಕುಡಿದು ತೋರಿಸು. ಇಲ್ಲಿ ಕೆಲವರಿಗೆ ಮಳೆನೀರು ಕುಡಿದರೆ ಶೀತ ಆಗ್ತದೆ ಅಂತ ಹೆದರಿಕೆ.”

“ಬೇಡ,” ಎಂದಳು ವಾರಿಜಾ ಹಲ್ಲು ಕಚ್ಚಿ.

ರೋಹಿದಾಸ ಗ್ಲಾಸು ಅದ್ದಿದ. ಎತ್ತಿ ನೋಡಿದ. ಅವನು ಒಮ್ಮೆ ಫೋನಿನ ಕಡೆ, ಅಂಗಳ ತುಂಬ ನಿಂತ ಬೋಳುಪಾದೆಯ ಕಡೆ ನೋಡಿದ. ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಮುಗಿಸಿದ.

“ಹೇಗುಂಟು?”

“ಬೊಂಡದ ನೀರು... ಇದ್ದ ಹಾಗೆ,” ಎಂದ. ಎಳನೀರಿಗೆ ಹೋಲಿಸಿದವನ ಹಲ್ಲಿನ ಸಂದಿಯಲ್ಲಿ ಮರಳು ಕರಕರ ಎಂದದ್ದು ಮಳೆಯ ಸದ್ದಿನಲ್ಲೂ ಕೇಳಿಸಿತು.

ಅದೇ ಹೊತ್ತಿಗೆ ಬು ಫಹದ್ ಮೆಟ್ಟಿಲ ಬಾಗಿಲಲ್ಲಿ ಕಾಣಿಸಿಕೊಂಡ. ಕೊಡೆ ಹಿಡಿಯಲು ಅಬು ಸಮೀರ್. ಮುದುಕ ರೋಹಿದಾಸನನ್ನೂ ಗ್ಲಾಸನ್ನೂ ನೋಡಿ ಬೆಚ್ಚಿಬಿದ್ದ.

“ಮಾಡು ತೊಳೆದ ನೀರನ್ನು ಇವನು ಯಾಕೆ ಕುಡಿಯುತ್ತಿದ್ದಾನೆ?” ಎಂದು ವಾರಿಜಾಳನ್ನು ಕೇಳಿದ. “ಮೊದಲ ಮಳೆ ಮಾಡು ತೊಳೆಯಲಿಕ್ಕೆ. ಅದನ್ನು ಹೊರಗೆ ಬಿಡಬೇಕು. ಅಜ್ಜಿ ಬಿರ್ಕಾದ ಬಾಯಿಗೆ ಬಟ್ಟೆ ತುರುಕಿ ಅರ್ಧ ಗಂಟೆ ಕಾಯುತ್ತಿದ್ದಳು. ಆಮೇಲಿನದ್ದು ಕುಡಿಯಲಿಕ್ಕೆ.”

ವಾರಿಜಾ ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದಳು.

“ಯಾರದು ಮಾತಾಡಿದ್ದು?” ಎಂದಳು ಆಯಿಶಮ್ಮ. “ಬಿಳಿ ಬಟ್ಟೆಯ ಅಜ್ಜ?”

“ನಮ್ಮ ಕಟ್ಟಡದ ಮಾಲೀಕರು ಆಯಿಶಮ್ಮ.”

“ಒಳ್ಳೆ ತಲೆ ಉಂಟು. ಅವರಿಗೆ ಏಪ್ರಿಲಿನಲ್ಲಿ ರಜೆ ಸಿಗ್ತದಾ ಕೇಳು.”

ವಾರಿಜಾ ಕೇಳಿದಳು. ಬು ಫಹದ್ ಗಂಭೀರವಾಗಿ ಯೋಚಿಸಿ, ಮೊಣಕಾಲು ನೋವುಂಟು, ಇಲ್ಲದಿದ್ದರೆ ಬರುತ್ತಿದ್ದೆ ಎಂದ. ಅಷ್ಟರಲ್ಲಿ ರೋಹಿದಾಸ ಹೊಟ್ಟೆ ಹಿಡಿದುಕೊಂಡು ಟ್ಯಾಂಕಿಗೆ ಒರಗಿದ್ದ. ಧೂಳೋ ಪಾರಿವಾಳವೋ ಅಥವಾ ಎರಡು ತಿಂಗಳಿಂದ ಒಳಗಿದ್ದ ಇನ್ನೇನೋ, ಅವನಿಂದ ಇನ್ನು ತಡೆದುಕೊಳ್ಳಲಾಗಲಿಲ್ಲ. ಬರ್ನಾರ್ಡನ ಕೈಯಿಂದ ಫೋನು ಕಿತ್ತುಕೊಂಡ.

“ಆಯಿಶಮ್ಮ, ನಾನು ಮೇಸ್ತ್ರಿ ಅಲ್ಲ. ಆ ಟ್ಯಾಂಕಿ ನಾನು ಕಟ್ಟಿದ್ದಲ್ಲ. ನಾನು ಸ್ಟೋರಿನಲ್ಲಿ ಹೆಲ್ಮೆಟ್ ಕೊಡುವವ. ಇಲ್ಲಿ ಗಾರೆ ಮೆತ್ತಿದ್ದು ಬರ್ನಾರ್ಡ್. ಮೊದಲ ನೀರು ಬಿಡಬೇಕು ಅಂತ ಕೂಡ ನನಗೆ ಗೊತ್ತಿರಲಿಲ್ಲ. ನನ್ನನ್ನು ಕ್ಷಮಿಸಿಬಿಡಿ.”

ಮಳೆ ಸುರಿಯುತ್ತಲೇ ಇತ್ತು. ನಾಸಿರ್ ನಿಧಾನವಾಗಿ ಬರ್ನಾರ್ಡನ ಹಿಂದೆ ಸರಿದು ಅಡಗಿದ. ವಾರಿಜಾ ಗಂಡನ ಒದ್ದೆ ತೋಳನ್ನು ಹಿಡಿದುಕೊಂಡಳು.

“ಈ ಟ್ಯಾಂಕಿಯನ್ನು ನೀವೇ ಅಲ್ವಾ ಕಟ್ಟಿದ್ದು?” ಆಯಿಶಮ್ಮನ ಧ್ವನಿಯಲ್ಲಿ ಸಿಟ್ಟಿರಲಿಲ್ಲ.

“ಹೌದು. ಎಲ್ಲರೂ ಸೇರಿ.”

“ಸೋರ್ತದಾ?”

“ಒಮ್ಮೆ ಸೋರಿತು. ಸರಿ ಮಾಡಿದೆವು. ಈಗ ಇಲ್ಲ.”

“ಮತ್ತೆಂತ? ನಾವು ಇಲ್ಲಿ ಹದಿನೆಂಟು ಮನೆಯವರು ಸೇರಿ ಇನ್ನೂ ಒಂದನ್ನೂ ಕಟ್ಟಲಿಲ್ಲ ಮಾರಾಯ. ಒಂದು ಕಟ್ಟಿ, ಅದು ಸೋರಿ, ಅದನ್ನು ಸರಿ ಮಾಡಿ, ಆ ಕೊಳಕು ನೀರನ್ನೂ ಕುಡಿದವ ಬೋಳುಪಾದೆಯಲ್ಲಿ ನೀನೊಬ್ಬನೇ. ನೀನೇ ಬರಬೇಕು.” ಮತ್ತೆ ಕೇಳಿದಳು: “ಹೆಲ್ಮೆಟ್ ಕೊಡುವವ ಅಂದಿಯಲ್ಲ, ಹಳತು ಇದ್ದರೆ ಇಪ್ಪತ್ತು ಕೇಳಿ ತಾ. ಇಲ್ಲಿ ತೆಂಗಿನಮರದ ಅಡಿಯಲ್ಲಿ ಕೆಲಸ. ಮತ್ತೆ ನಾಸಿರ್, ಅಡಗಿದ್ದು ಕಾಣ್ತದೆ. ನಿನಗೆ ಗೊತ್ತಿದ್ದೂ ನನಗೆ ಹೇಳಲಿಲ್ಲ ಅಲ್ವಾ?”

*

ಏಪ್ರಿಲಿನಲ್ಲಿ ಮೂವರೂ ಹೋದರು. ವಾರಿಜಾಳಿಗೆ ರಜೆ ಇರಲಿಲ್ಲ, ಅಮಿತಾಳಿಗೆ ಪರೀಕ್ಷೆ. ಪ್ರತಿ ಸಂಜೆ ಫೋನಿನಲ್ಲಿ ಸುದ್ದಿ ಬರುತ್ತಿತ್ತು. ಮೊದಲನೆಯ ಮನೆಯ ಟ್ಯಾಂಕಿ ಸ್ವಲ್ಪ ಓರೆಯಾಯಿತು. ಎರಡನೆಯದು ನೆಟ್ಟಗಾಯಿತು, ಆದರೆ ಬಾಗಿಲಿಗೆ ಅಡ್ಡ ಬಂದದ್ದರಿಂದ ಬಾಗಿಲನ್ನೇ ಪಕ್ಕಕ್ಕೆ ಒಯ್ಯಬೇಕಾಯಿತು. ಮೂರನೆಯದರ ಹೊತ್ತಿಗೆ ಕೈ ಪಳಗಿತು. ನಾಲ್ಕನೆಯ ಮನೆಯವರು ಗುಲಾಬಿ ಇಲ್ಲದೆ ತಮಗೆ ಟ್ಯಾಂಕಿಯೇ ಬೇಡ ಎಂದು ಹಟ ಹಿಡಿದರು. ಹಾಗಾಗಿ ಹದಿನೈದು ದಿನಕ್ಕೆಂದು ಹೋದ ಬರ್ನಾರ್ಡ್ ಹೋಟೆಲಿಗೆ ಫೋನು ಮಾಡಿ ಮತ್ತೆ ಹತ್ತು ದಿನ ಬೇಡಿದ. ಆಯಿಶಮ್ಮನ ಮನೆಯದ್ದಕ್ಕೆ ಮಾತ್ರ ಮಲ್ಲಿಗೆ. ಮೊದಲ ಮಳೆಯ ನೀರನ್ನು ಹೊರಗೆ ಬಿಡಲು ಪ್ರತಿ ಪೈಪಿಗೂ ಒಂದು ಮುಚ್ಚಳ ಇಟ್ಟರು. ಊರಿನವರು ಅದನ್ನು ‘ಅರಬಿ ಅಜ್ಜಿ’ ಎಂದೇ ಕರೆಯತೊಡಗಿದರು. ಮೇ ತಿಂಗಳ ನಡುವೆ ರೋಹಿದಾಸ ಹೊರಡುವಾಗ ಹದಿನಾರು ಮನೆಯದ್ದು ಮುಗಿದಿತ್ತು. ಉಳಿದೆರಡನ್ನು ಊರಿನವರೇ ಮುಗಿಸಿದರು. ಅವು ಎಲ್ಲದಕ್ಕಿಂತ ಚೆನ್ನಾಗಿ ಬಂದಿವೆ ಎಂದು ಆಯಿಶಮ್ಮ ಬೇಕೆಂದೇ ಗ್ರೂಪಿನಲ್ಲಿ ಬರೆದಳು.

ರೋಹಿದಾಸ ಕಪ್ಪಾಗಿ, ಆರು ಕಿಲೋ ಇಳಿದು, ಅಂಗೈ ತುಂಬ ಬಿರುಕು ಹೊತ್ತುಕೊಂಡು ಕುವೈತಿಗೆ ಬಂದ. ಆದರೆ ಹೊಸ ಕಾಯಿಲೆಯೊಂದನ್ನೂ ಜೊತೆಗೆ ತಂದಿದ್ದ. ಗೋಡೆ ಕಂಡಲ್ಲೆಲ್ಲ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು, ಕಿವಿಗೊಟ್ಟು ಕೇಳಿ, ತಲೆಯಾಡಿಸುವುದು. ತಮ್ಮ ಬಚ್ಚಲುಮನೆಯನ್ನು ಮೊದಲ ದಿನವೇ ಫೇಲು ಮಾಡಿದ. ಬರ್ನಾರ್ಡನ ಮನೆಯ ಹಾಲ್ ಪಾಸಾಯಿತು, ಅಡಿಗೆಮನೆಗೆ ಅನುಮಾನ.

ಒಂದು ಸಂಜೆ ವಾರಿಜಾಳನ್ನು ಕರೆದೊಯ್ಯಲು ಕ್ಲಿನಿಕ್ಕಿಗೆ ಬಂದ. ಅಲ್ಲಿ ಕಾಯುವ ಕೋಣೆಗೆ ಆಗತಾನೆ ಹೊಸ ಗಾರೆ ಮಾಡಿಸಿದ್ದರು. ಕೆನ್ನೆ ಊದಿಸಿಕೊಂಡ ಏಳೆಂಟು ಜನ ಕೂತಿದ್ದರು. ರೋಹಿದಾಸ ಅವರ ತಲೆಗಳ ಮೇಲಿಂದ ಕೈ ಚಾಚಿ ಟಕ್ ಟಕ್ ಎಂದು ಬಡಿದ. ಕಿವಿಗೊಟ್ಟ. “ನೀರು ಕುಡಿಸಿದ್ದು ಸಾಕಾಗಲಿಲ್ಲ,” ಎಂದು ಇನ್ನೊಂದು ಸಲ, ಸ್ವಲ್ಪ ಜೋರಾಗಿ ಬಡಿದ. ಅಂಗೈ ಅಗಲದ ಒಂದು ಗಾರೆಯ ಚಕ್ಕೆ ಕಳಚಿ ಒಬ್ಬ ರೋಗಿಯ ಮಡಿಲಿಗೆ ಬಿತ್ತು. ಆ ಮನುಷ್ಯ ನೋವಿನಲ್ಲಿದ್ದವನು, ಅದನ್ನು ತನ್ನದೇ ಹಲ್ಲೆಂದು ತಿಳಿದು ಕಿಟಾರನೆ ಕಿರುಚಿದ. ಒಳಗಿನಿಂದ ಡಾಕ್ಟರು ಡ್ರಿಲ್ ಹಿಡಿದುಕೊಂಡೇ ಓಡಿ ಬಂದರು.

“ಹೇಳಿದೆನಲ್ಲ,” ಎಂದ ರೋಹಿದಾಸ ಅವರಿಗೆ.

ವಾರಿಜಾ ಬ್ಯಾಗು ಎತ್ತಿಕೊಂಡು, ಗಂಡನ ರಟ್ಟೆ ಹಿಡಿದು, ಯಾರ ಮುಖವನ್ನೂ ನೋಡದೆ ಲಿಫ್ಟಿನೊಳಗೆ ನೂಕಿದಳು. ಬಾಗಿಲು ಮುಚ್ಚಿಕೊಂಡಿತು. ನಾಲ್ಕನೆಯ ಮಾಳಿಗೆ, ಮೂರನೆಯ ಮಾಳಿಗೆ. ಅವಳಿಗೆ ಸಿಟ್ಟು ಬಂದಿತ್ತು, ನಗುವೂ ಬರುತ್ತಿತ್ತು. ಯಾವುದು ಮೊದಲು ಹೊರಗೆ ಬರುತ್ತದೋ ತಿಳಿಯದೆ ತುಟಿ ಬಿಗಿಹಿಡಿದು ನಿಂತಳು. ಪಕ್ಕದಲ್ಲಿ ಮೆಲ್ಲಗೆ ಸದ್ದಾಯಿತು. ಟಕ್ ಟಕ್.

“ಇದು ತಗಡು,” ಎಂದ ರೋಹಿದಾಸ.

“ಗೊತ್ತುಂಟು,” ಎಂದಳು ವಾರಿಜಾ.